ಮೋರಿ ಕಟ್ಟೆಗೆ ಭರ್ಚಿ ಹಾಕಿದ್ದು

ನಾನು ಮಾಡಿದ ವೆಲ್ಡಿಂಗ್ ಇದುವರೆಗೆ ಎಲ್ಲಿಯೂ ಬಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಫಜೀತಿಗೆಲ್ಲ ಇದೇ ಕಾರಣ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಪಾಟಿಚೀಲ ಇಳಿಸಿದ ಕೈಯಲ್ಲೇ ಕಬ್ಬಿಣ ಹಿಡಿದೆ. ಈಗ ದಾಂಡೇಲಿಯಲ್ಲಿ ಸ್ವಂತ ಶೆಡ್ ಇದೆ. ಗಣೇಶಗುಡಿಯ ಹೋಮ್‌ಸ್ಟೇಗಳಲ್ಲಿ ಮೆಟ್ಟಿಲು ಹತ್ತುವಾಗ ನೀವು ಕೈ ಊರಿದ ಕಂಬಿ ನನ್ನದೇ ಇರಬಹುದು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳ ತುಂಬುವ ಗೋದಾಮಿಗೆ ನಾನೊಂದು ಬಾಗಿಲು ಮಾಡಿಕೊಟ್ಟಿದ್ದೆ. ಅಲ್ಲಿಯ ಹಿರಿಯರೊಬ್ಬರು ಅದನ್ನು ಎರಡೂ ಕೈಯಿಂದ ತಳ್ಳಿ, ಅದು ಮಿಸುಕಾಡದ್ದನ್ನು ಕಂಡು ಮೆಚ್ಚಿ ನಕ್ಕರು. ಒಳಗಿನಿಂದ ಯಾರೋ ಚಿಲಕ ಹಾಕಿದ್ದರೆಂದು ಆಮೇಲೆ ತಿಳಿಯಿತು. ಇರಲಿ, ಮೆಚ್ಚಿದ್ದಂತೂ ನಿಜ.

ನಮ್ಮ ಓಣಿಯ ಬಾಯಲ್ಲಿ ಒಂದು ಮೋರಿ ಇದೆ. ಮೇಲಿನ ಮನೆಗಳ ನೀರೆಲ್ಲ ಅದರಡಿ ಹಾದು ಕಾಳಿ ನದಿ ಸೇರುತ್ತದೆ. ಮೋರಿಯ ಎರಡೂ ಬದಿಗೆ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ. ಒಂದು ಕಟ್ಟೆಯ ಎದುರಿಗೆ ಚಹಾದಂಗಡಿ, ಇನ್ನೊಂದರ ಎದುರಿಗೆ ನನ್ನ ಶೆಡ್. ಬೆಳಿಗ್ಗೆ ಅಲ್ಲಿ ಓಣಿಯ ಹಿರಿಯರು ಪೇಪರ್ ಓದುತ್ತಾರೆ. ಮಧ್ಯಾಹ್ನ ಆಡುಗಳು ಮಲಗುತ್ತವೆ. ಸಂಜೆಯ ಪಾಳಿ ಹುಡುಗರದು. ಕಾಗದದ ಮಿಲ್ಲಿನ ಊರಲ್ಲವೇ, ಎಲ್ಲರಿಗೂ ಪಾಳಿಯ ರೂಢಿ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಬರುವುದಿಲ್ಲ.

ಸಂಜೆ ಪಾಳಿಯಲ್ಲಿ ನನ್ನ ಮಗನೂ ಇರುತ್ತಿದ್ದ. ಅವನ ನಗುವೊಂದು ವಿಚಿತ್ರ. ಚಳಿಗಾಲದ ಬೆಳಿಗ್ಗೆ ಡೀಸೆಲ್ ಟೆಂಪೋ ಚಾಲೂ ಮಾಡಿದ ಹಾಗೆ. ಮೊದಲು ಒಂದು ಕೆಮ್ಮು, ಆಮೇಲೆ ಇನ್ನೊಂದು, ಇನ್ನೇನು ಆಗಲಿಕ್ಕಿಲ್ಲ ಅನ್ನುವಾಗ ಒಮ್ಮೆಲೇ ಹಿಡಿದುಕೊಂಡು, ಇಡೀ ಮೈ ಅಲುಗಾಡಿಸಿಕೊಂಡು ಹೊರಡುತ್ತದೆ. ಆ ವರ್ಷ ಅವನು ಪಿಯುಸಿಯಲ್ಲಿ ಗಣಿತಕ್ಕೆ ನಪಾಸಾಗಿದ್ದ. ಅಂದಿನಿಂದ ಮನೆಯಲ್ಲಿ ಆ ನಗು ಬಂದ್. ಮಾತೂ ಬಂದ್. ನಾನು ಸುಮ್ಮನಿರಲಿಲ್ಲ, ಅಪ್ಪನಾದವನು ಸುಮ್ಮನಿರಬಾರದೆಂದು ದಿನಾ ಊಟಕ್ಕೆ ಕೂತಾಗ ಹೇಳುತ್ತಿದ್ದೆ: "ಏಳನೇತ್ತಿ ಕಲತಾಂವ ನಾ. ಈ ಓಣ್ಯಾಗ ಯಾವ ಗೇಟ್ ಮುಟ್ಟಿದ್ರೂ ಅದು ನಂದ." ಅವನು ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದ.

"ಹುಡುಗ ಉಣ್ಣಾಕ ಬರ್ತಾನ್ರಿ, ಗೇಟಿನ ಸುದ್ದಿ ಕೇಳಾಕ ಅಲ್ಲ" ಎಂದು ಹೆಂಡತಿ.

ಆದರೆ ಸಂಜೆ ಶೆಡ್ಡಿನಲ್ಲಿ ಕೆಲಸ ಮಾಡುವಾಗ ಮೋರಿ ಕಟ್ಟೆಯಿಂದ ಆ ಟೆಂಪೋ ಚಾಲೂ ಆದದ್ದು ಕೇಳುತ್ತಿತ್ತು. ನಾನು ಗ್ರೈಂಡರ್ ಬಂದ್ ಮಾಡಿ ಕಿವಿಗೊಡುತ್ತಿದ್ದೆ. ಕೇಳಿದರೆ ಸಮಾಧಾನ. ಮರುಕ್ಷಣವೇ ಸಿಟ್ಟು: ನಪಾಸಾದವನಿಗೆ ಇಷ್ಟು ನಗು ಯಾತಕ್ಕೆ? ಸಮಾಧಾನ, ಸಿಟ್ಟು ಎರಡೂ ಮುಗಿದ ಮೇಲೆ ಮತ್ತೆ ಗ್ರೈಂಡರ್.

ಇಂಥದರಲ್ಲಿ ಹರೆಯದ ಮಕ್ಕಳ ಮನಸ್ಸಿನ ಬಗ್ಗೆ ಮಾತಾಡಲು ಒಬ್ಬರು ಮೇಡಂ ನಮ್ಮ ಓಣಿಯ ಅಂಗನವಾಡಿಗೆ ಬಂದರು. ಧಾರವಾಡ ಕಡೆಯವರು, ಸಣ್ಣ ವಯಸ್ಸು, ಹೆಗಲಿಗೊಂದು ದೊಡ್ಡ ಚೀಲ. ಹಿರಿಯರನ್ನೆಲ್ಲ ಕರೆದಿದ್ದರು. ಅಂಗನವಾಡಿಯಲ್ಲಿದ್ದದ್ದು ಕೂಸುಗಳ ಕುರ್ಚಿ. ನಾವೆಲ್ಲ ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ಕೂತೆವು. ಮುಂದಿನ ಸಾಲಿನಲ್ಲಿ ನಿವೃತ್ತ ಮಾಸ್ತರರು, ಅವರ ಬದಿಗೆ ಮಿಲ್ಲಿನಿಂದ ನಿವೃತ್ತರಾದ ಚಾಚಾ.

"ನಿಮ್ಮ ಓಣಿ ಹುಡುಗ್ರು ಹೆಂಗದಾರ್ರಿ?" ಎಂದು ಮೇಡಂ ಕೇಳಿದರು.

"ಕೆಟ್ಟು ಹೋಗ್ಯಾರ್ರಿ" ಎಂದರು ಮಾಸ್ತರರು.

"ಏನ್ ಮಾಡ್ತಾರ?"

"ಕುಂದರ್ತಾರ್ರಿ. ಮೋರಿ ಕಟ್ಟಿ ಮ್ಯಾಲೆ."

"ಕುಂತು?"

"ನಗ್ತಾರ್ರಿ."

"ಹೋಗು ಬರೂ ಮಂದಿಗೆ ಏನರೆ ಅಂತಾರೇನು? ಕುಡಿಯೂದು, ಗಾಂಜಾ, ಹಂಗೇನರೆ?"

ಚಾಚಾ ಕೈ ಅಲ್ಲಾಡಿಸಿದರು. "ತೋಬಾ, ಹಂಗೇನೂ ಇಲ್ರಿ. ಬರೇ ನಗ್ತಾರ. ಯಾಕ ನಗ್ತಾರ ಅನ್ನೂದ ನಮಗ ತಿಳೀವಲ್ದು."

ಮೇಡಂ ನಮಗೆ ತಿಳಿಯುವ ಹಾಗೆ ಒಂದಷ್ಟು ಹೇಳಿದರು. ಮಕ್ಕಳ ಮನಸ್ಸು ಕೆಟ್ಟ ಮೇಲೆ ಆಸ್ಪತ್ರೆಗೆ ಓಡುವುದಕ್ಕಿಂತ ಮೊದಲೇ ಓಣಿಯವರು ಕಣ್ಣಿಟ್ಟಿರಬೇಕು. ಪ್ರತಿ ಹುಡುಗನನ್ನೂ ಅಪ್ಪ ಅವ್ವ ಬಿಟ್ಟು ಇನ್ನೂ ನಾಲ್ಕು ಮಂದಿ ದೊಡ್ಡವರು ಹೆಸರು ಹಿಡಿದು ಕರೆಯುವಂತಿರಬೇಕು. ಸಂಜೆ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ ಎಂಬುದು ಗೊತ್ತಿರಬೇಕು. ಉಳಿದದ್ದನ್ನು ಮುಂದಿನ ಸಲ ಮಾತಾಡೋಣ ಎನ್ನುವಷ್ಟರಲ್ಲಿ ಹಳಿಯಾಳದ ಬಸ್ಸು ಹಾರ್ನ್ ಹೊಡೆಯಿತು, ಅವರು ಹೋದರು.

ಮುಂದಿನ ಸಲದವರೆಗೆ ನಾವು ಸುಮ್ಮನಿರಬಹುದಿತ್ತು. ಆದರೆ ಸಭೆ ಮುಗಿದ ಮೇಲೆ ಇನ್ನೊಂದು ಸಭೆ ನಡೆಸುವುದು ನಮ್ಮ ಓಣಿಯ ಪದ್ಧತಿ. ಮೊದಲ ಸಭೆಯಲ್ಲಿ ಕೇಳಿಸಿಕೊಳ್ಳುತ್ತೇವೆ, ಎರಡನೆಯದರಲ್ಲಿ ತೀರ್ಮಾನ ಮಾಡುತ್ತೇವೆ. ಎರಡಕ್ಕೂ ಸಂಬಂಧ ಇರಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಎರಡನೆಯ ಸಭೆ ಯಾವಾಗಲೂ ಮೋರಿ ಕಟ್ಟೆಯ ಮೇಲೆ.

ಮಾಸ್ತರರು ಕಟ್ಟೆಯ ಮೇಲೆ ಸರಿಯಾಗಿ ಕೂತು, ಅಂಗೈಯಿಂದ ಅದನ್ನು ತಟ್ಟಿ ಹೇಳಿದರು: "ಎಲ್ಲಾದಕ್ಕೂ ಮೂಲ ಈ ಕಟ್ಟಿ. ಇಲ್ಲಿ ಕುಂದರೂದು ತಪ್ಪಿತಂದ್ರ ಹುಡುಗ್ರು ಮನಿಗೆ ಹೋಗ್ತಾರ. ಮನಿಗೆ ಹೋದ್ರ ಪುಸ್ತಕ ತಗೀತಾರ."

ಚಹಾದಂಗಡಿಯ ಅಕ್ಕಾರು ಅಲ್ಲಿಂದಲೇ ಕೂಗಿದರು. ಅವರು ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಗಳು. ಓಣಿಯಲ್ಲಿ ಅವರಿಗೆ ಕೇಳಿಸದ ಮಾತಿಲ್ಲ, ಅವರು ಉತ್ತರ ಕೊಡದ ಮಾತೂ ಇಲ್ಲ. "ಮಾಸ್ತರ್ರ, ನೀವೂ ಅದರ ಮ್ಯಾಲೇ ಕುಂತೀರಿ, ನೋಡ್ಕೋರಿ."

"ನಮ್ದು ಬ್ಯಾರೆ" ಎಂದರು ಮಾಸ್ತರರು.

ಕಟ್ಟೆ ಒಡೆಯುವುದೋ, ಮೇಲೆ ಗಾಜಿನ ಚೂರು ಹುಗಿಯುವುದೋ ಎಂದು ಚರ್ಚೆ ನಡೆಯಿತು. ಗಾಜು ಎಂದದ್ದು ನನಗೆ ಸಹಿಸಲಾಗಲಿಲ್ಲ. ಕಬ್ಬಿಣದವನು ಇಲ್ಲೇ ಕೂತಿರುವಾಗ ಗಾಜೇ? ಗೇಟಿನ ತಲೆಗೆ ಹಾಕುತ್ತೇವಲ್ಲ, ಕಳ್ಳರು ಹತ್ತದಿರಲಿ ಎಂದು ಚೂಪಾದ ಭರ್ಚಿ ಮೊನೆ, ಅದನ್ನು ಒತ್ತೊತ್ತಾಗಿ ಹಾಕಿಕೊಡುತ್ತೇನೆ ಎಂದೆ. ಎಲ್ಲರೂ ಕೈ ಎತ್ತಿದರು. ಚಾಚಾ ಎರಡೂ ಕೈ ಎತ್ತಿದರು.

ಆ ರವಿವಾರವೇ ಹಾಕಿದೆ. ಕಟ್ಟೆಯ ಸಿಮೆಂಟಿಗೆ ಆಳವಾಗಿ ತೂತು ಕೊರೆದು ಸರಳು ಇಳಿಸಿ, ಅದರ ಮೇಲೆ ಉದ್ದಕ್ಕೂ ಕಬ್ಬಿಣದ ಆ್ಯಂಗಲ್ ಪಟ್ಟಿ ಕೂರಿಸಿ, ಆ್ಯಂಗಲ್ ಮೇಲೆ ಭರ್ಚಿಗಳನ್ನು ನಿಲ್ಲಿಸಿದೆ. ಒಂದಕ್ಕಿಂತ ಒಂದು ಹೆಚ್ಚುಕಡಿಮೆ ಇಲ್ಲದ ಹಾಗೆ ದಾರ ಹಿಡಿದು ನೋಡಿದೆ. ಮೇಲೆ ಕಪ್ಪು ಬಣ್ಣ, ತುದಿಗೆ ಬಂಗಾರದ ಬಣ್ಣ. ಬಂಗಾರದ ಬಣ್ಣ ಯಾರೂ ಹೇಳಿರಲಿಲ್ಲ, ನನ್ನ ಖುಷಿಗೆ.

ಮಗ ಬಂದು ನಿಂತ. "ಅಪ್ಪಾ, ಇದ ಯಾರಿಗೆ?"

"ಕೆಲಸ ಇಲ್ದವರಿಗೆ" ಎಂದೆ.

ಅವನು ಒಂದು ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಬಂಗಾರದ ಬಣ್ಣವನ್ನು ಚಡ್ಡಿಗೆ ಒರೆಸಿಕೊಂಡು ಹೋದ.

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಚಾಚಾ ಮೋರಿಯ ನಡುವೆ ಪೇಪರ್ ಹಿಡಿದು ನಿಂತಿದ್ದರು. ಒಮ್ಮೆ ಈ ಕಟ್ಟೆ ನೋಡಿದರು, ಒಮ್ಮೆ ಆ ಕಟ್ಟೆ ನೋಡಿದರು.

"ಮಿಸ್ತ್ರಿ, ನಾ ಎಲ್ಲಿ ಕುಂದರ್ಲಿ?"

ನನಗೂ ಹೊಳೆದಿರಲಿಲ್ಲ. "ಚಾಚಾ, ನೀವು ಎರಡೂ ಕೈ ಎತ್ತಿದ್ರಿ."

"ಎತ್ತಿದ್ನೋ ಮಾರಾಯಾ. ಅದು ಹುಡುಗ್ರ ಸಲುವಾಗಿ ಎತ್ತಿದ್ದು. ನನ್ನ ಮೊಣಕಾಲಿನ ಸಲುವಾಗಿ ಅಲ್ಲ."

ಮಾಸ್ತರರೂ ಬಂದರು. ತಾವೇ ಹೊರಡಿಸಿದ ತೀರ್ಮಾನವಾದ್ದರಿಂದ ಅವರು ಕಟ್ಟೆಯತ್ತ ನೋಡಲೇ ಇಲ್ಲ. ನಿಂತು ಪೇಪರ್ ಓದುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಮುಖಪುಟ ಓದಿದರು. ಒಳಪುಟಕ್ಕೆ ಬರುವಷ್ಟರಲ್ಲಿ ಅಕ್ಕಾರ ಅಂಗಡಿಯ ಕಂಬಕ್ಕೆ ಆತುಕೊಂಡಿದ್ದರು. ಕಬ್ಬಿಣಕ್ಕೆ ಬಿಜಾಗರಿ ಹಾಕಿ ಬೆಳಿಗ್ಗೆ ಮಲಗಿಸಿ ಸಂಜೆ ಎಬ್ಬಿಸುವ ಹಾಗೆ ಮಾಡಲಾಗದೇ, ಕೀಲಿಕೈ ತಮ್ಮ ಹತ್ತಿರ ಇರಲಿ ಎಂದು ಚಾಚಾ ಕೇಳಿದರು. ಕೆಲಸದ ದೃಷ್ಟಿಯಿಂದ ನನಗೆ ಅದು ಬಹಳ ಹಿಡಿಸಿತು. ಕಾಗದದ ಮೇಲೆ ಗೆರೆ ಎಳೆಯುತ್ತಾ ಕೂತಿದ್ದೆ. ಹೆಂಡತಿ ಬಂದು ನೋಡಿ, "ನಿಮಗ್ಯಾರಿಗೂ ಬುದ್ಧಿ ಐತೋ ಇಲ್ಲೋ" ಎಂದು ಕೇಳಿದ್ದಕ್ಕೆ ಕಾಗದ ಮಡಚಿಟ್ಟೆ.

ಆ ಸಂಜೆ ಗ್ರೈಂಡರ್ ಬಂದ್ ಮಾಡಿದೆ. ಮೋರಿಯಲ್ಲಿ ನೀರು ಹರಿಯುವುದು ಕೇಳಿಸಿತು. ಬೇರೆ ಏನೂ ಇಲ್ಲ.

ಮೊದಮೊದಲು ಗೆದ್ದೆವೆಂದುಕೊಂಡೆವು. ಹುಡುಗರು ಮನೆಗೆ ಹೋಗಿದ್ದಾರೆ, ಪುಸ್ತಕ ತೆಗೆದಿದ್ದಾರೆ. ಆದರೆ ಮನೆಗೆ ಹೋದರೆ ನನ್ನ ಮಗ ಇಲ್ಲ. "ಗೆಳ್ಯಾನ ಮನ್ಯಾಗ ಇದ್ದಾನು" ಎಂದು ಹೆಂಡತಿ. ಗೆಳೆಯನ ಮನೆಗೆ ಹೋದರೆ ಅವರಪ್ಪ, "ನಮ್ಮಾಂವ ನಿಮ್ಮ ಮನ್ಯಾಗ ಅದಾನಂತ ತಿಳದಿದ್ನೆಲ್ಲ!" ಎಂದ. ಪ್ರತಿ ಮನೆಯಲ್ಲೂ ಇದೇ. ಹಾಗೆ ನೋಡಿದರೆ ಓಣಿಯ ಹುಡುಗರೆಲ್ಲ ಇನ್ನೊಬ್ಬರ ಮನೆಯಲ್ಲಿದ್ದರು, ಯಾರ ಮನೆಯಲ್ಲೂ ಯಾರೂ ಇರಲಿಲ್ಲ.

ಮಗ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದ. ಕೇಳಿದರೆ "ಇಲ್ಲೇ ಇದ್ನಿ" ಎನ್ನುತ್ತಿದ್ದ. ಅರ್ಧ ಊಟ ಮಾಡಿ ಎದ್ದುಬಿಡುತ್ತಿದ್ದ. ನಾನು ಗೇಟಿನ ಸುದ್ದಿ ತೆಗೆಯುವುದನ್ನು ಬಿಟ್ಟೆ. ಆದರೂ ತಾಟು ಹಿತ್ತಲಿಗೇ ಹೋಗುತ್ತಿತ್ತು. ಆ ಮೌನ ನನಗೆ ಹೆದರಿಕೆ ಹುಟ್ಟಿಸಿತು. ನಗುವುದನ್ನು ಬಿಟ್ಟ ಹುಡುಗ ಏನು ಯೋಚಿಸುತ್ತಾನೆ? ಕಬ್ಬಿಣವಾದರೆ ಬಡಿದು ಸಪ್ಪಳದಿಂದ ಒಳಗೆ ಟೊಳ್ಳೋ ಗಟ್ಟಿಯೋ ಹೇಳುತ್ತೇನೆ. ಮಗನನ್ನು ಬಡಿದು ನೋಡಲಾಗುತ್ತದೆಯೇ?

ಒಂದು ಸಂಜೆ ಮಾಸ್ತರರು, ಚಾಚಾ, ನಾನು ಹುಡುಕಲು ಹೊರಟೆವು. ಬಸ್ ಸ್ಟ್ಯಾಂಡ್ ನೋಡಿದೆವು. ಹೊಳೆ ದಂಡೆಗೆ ಹೋದೆವು. ಕಾಳಿಯಲ್ಲಿ ಮೊಸಳೆಗಳಿವೆ, ಅದು ಚಿಂತೆ. ಆಚೆ ಬಂಡೆಯ ಮೇಲೆ ಒಂದು ದೊಡ್ಡ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮಾಸ್ತರರು ಅದನ್ನು ಬಹಳ ಹೊತ್ತು ನೋಡಿದರು.

"ನೋಡ್ರಿ, ಅದಕ್ಕರೆ ಕುಂದರಾಕ ಜಾಗಾ ಐತಿ" ಎಂದರು ಚಾಚಾ, ಮೊಣಕಾಲು ತಿಕ್ಕಿಕೊಳ್ಳುತ್ತ.

ಹುಡುಗರು ಸಿಗಲಿಲ್ಲ.

ಮಗ ಸಿಕ್ಕಿದ್ದು ನಾನು ಹುಡುಕದೆ ಇದ್ದಾಗ. ನನ್ನ ಶೆಡ್ಡಿನ ಹಿಂದೆ ಜೋಯಿಡಾದವರೊಬ್ಬರ ಹಳೆಯ ಟೆಂಪೋ ನಿಂತಿದೆ. ಬಾಡಿ ಕೆಲಸಕ್ಕೆಂದು ತಂದು ನಿಲ್ಲಿಸಿದವರು, ಇನ್ನೊಂದು ಗಾಡಿಗೆ ಬೇಕೆಂದು ಗಾಲಿ ಬಿಚ್ಚಿಕೊಂಡು ಹೋದರು, ತಿರುಗಿ ಬರಲಿಲ್ಲ. ಬಾಗಿಲಿಗೆ ಗಾಜೂ ಉಳಿದಿಲ್ಲ. ಒಂದು ಸಂಜೆ ಹಳೆ ಆ್ಯಂಗಲ್ ಹುಡುಕುತ್ತ ಹಿಂದೆ ಹೋದೆ. ಮಗ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಒಬ್ಬನೇ. ಸ್ಟೇರಿಂಗ್ ಮೇಲೆ ಕೈಯಿಟ್ಟು ಎದುರಿನ ಹಾಳು ಗೋಡೆಯನ್ನು ನೋಡುತ್ತಿದ್ದ. ಊರೆಲ್ಲ ಸುತ್ತಿ ಹುಡುಕಿದ ಮಗ ಇಷ್ಟು ದಿನ ನನ್ನ ಬೆನ್ನ ಹಿಂದೆಯೇ, ಗಾಲಿಯಿಲ್ಲದ ಗಾಡಿಯಲ್ಲಿ ಇದ್ದ.

"ಉಳದಾವ್ರೆಲ್ಲಿ?" ಎಂದೆ.

"ತಮ್ಮ ತಮ್ಮ ಕಡೆ ಅದಾರ. ಒಬ್ಬಾಂವ ಅವರ ಮಾಳಗಿ ಮ್ಯಾಲೆ. ಒಬ್ಬಾಂವ ಎಲ್ಲೋ ಮೊಬೈಲ್ ಹಿಡ್ಕೊಂಡು."

"ನೀ ಇಲ್ಲಿ ಏನ್ ಮಾಡ್ತಿ?"

"ಏನೂ ಇಲ್ಲ."

ಆಗ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಬಾಯಿ ರೂಢಿಯ ದಾರಿ ಹಿಡಿಯಿತು. "ನಿನ್ನ ವಯಸ್ಸಿನ್ಯಾಗ ನಾ..." ಎಂದು ಶುರು ಮಾಡಿದೆ. ಮಗ ನನ್ನನ್ನೇ ನೋಡುತ್ತ ಬಾಗಿಲಿನ ಹಿಡಿಕೆ ಹಿಡಿದು ತಿರುಗಿಸತೊಡಗಿದ. ಕಿರ್, ಕಿರ್ ಎಂದು ನಿಧಾನವಾಗಿ, ಕೊನೆಯವರೆಗೂ ತಿರುಗಿಸಿದ. ಇಲ್ಲದ ಗಾಜನ್ನು ನನ್ನ ಮುಖದ ಮುಂದೆ ಪೂರ್ತಿ ಏರಿಸಿ, ಮತ್ತೆ ಗೋಡೆ ನೋಡತೊಡಗಿದ.

ಹೇಳಲು ನಾಚಿಕೆಯಿಲ್ಲ, ಗಾಜು ಇಲ್ಲವೆಂದು ಗೊತ್ತಿದ್ದೂ ನನ್ನ ಮಾತು ಅಲ್ಲಿಗೇ ನಿಂತಿತು. ಸುಮ್ಮನೆ ತಿರುಗಿ ಬಂದೆ.

ಮೇಡಂ ಮತ್ತೆ ಬಂದದ್ದು ಆ ವಾರವೇ. ಬಸ್ಸಿಳಿದು, ಚೀಲದಿಂದ ಏನೋ ತೆಗೆಯಲೆಂದು ರೂಢಿಯಂತೆ ಮೋರಿ ಕಟ್ಟೆಯತ್ತ ಹಿಂದೆ ಸರಿದು ಕೂರಹೋದವರು, "ಅಯ್ಯಯ್ಯೋ!" ಎಂದು ಪುಟಿದು ನಿಂತರು. ಚಹಾದಂಗಡಿಯ ಮುಂದಿದ್ದ ನಾವೆಲ್ಲ ಓಡಿದೆವು.

"ಯಾರ್ರಿ ಇದನ್ನ ಮಾಡಿದ್ದು?"

ಬಂಗಾರದ ಬಣ್ಣ ಕಣ್ಣಿಗೆ ಬಿದ್ದಿರಬೇಕೆಂದು ನಾನು ಮುಂದೆ ಬಂದೆ. "ನಾನರೀ. ಎರಡೂ ಕಡಿ. ಅಲ್ಲಾಡ್ಸಿ ನೋಡ್ರಿ."

ಅವರು ನಿಜವಾಗಿಯೂ ಅಲ್ಲಾಡಿಸಿ ನೋಡಿದರು. "ಗಟ್ಟಿ ಐತ್ರಿ" ಎಂದರು. "ಹುಡುಗ್ರು ಈಗ ಎಲ್ಲಿ ಕುಂದರ್ತಾರ?"

ಮಾಸ್ತರರು ಪೇಪರ್ ಮಡಚಿದರು. ಚಾಚಾ ಮೋರಿಯ ನೀರು ನೋಡಿದರು.

"ಹೋದ ಸಲ ಕೇಳಿದಾಗ ಪಟ್ಟನ ಹೇಳಿದ್ರಿ. ಎಲ್ಲಿ ಕುಂದರ್ತಾರ, ಏನ್ ಮಾಡ್ತಾರ, ಎಲ್ಲಾ ಗೊತ್ತಿತ್ತು ನಿಮಗ. ನಾ ನಮ್ಮ ಆಫೀಸಿಗೆ ಹೋಗಿ, ಆ ಓಣ್ಯಾಗ ಚಿಂತಿಲ್ರಿ, ಹುಡುಗ್ರು ದೊಡ್ಡಾರ ಕಣ್ಣ ಮುಂದ ಅದಾರ ಅಂತ ಹೇಳಿದ್ನಿ."

ಅಕ್ಕಾರು ಚಹಾ ಸೋಸುತ್ತ ಹೇಳಿದರು: "ಮೊದಲ ಯಾವ ಹುಡುಗನ ಮಾರಿ ಸಣ್ಣ ಆಗೇತಿ ಅಂತ ಇಲ್ಲಿಂದನ ಕಾಣ್ತಿತ್ರಿ ನನಗ. ಕರದು ಒಂದು ಕಪ್ ಚಾ ಕೊಡ್ತಿದ್ನಿ. ಈಗ ಮುಂಜಾನಿಂದ ಸಂಜೀತನಾ ಇವರ ಮಾರಿ ಅಷ್ಟ. ಇವರಿಗೆ ಎಷ್ಟಂತ ಚಾ ಕೊಡ್ಲಿ?" ಆಮೇಲೆ ನನ್ನ ಕಡೆ ತಿರುಗಿದರು. "ಮಿಸ್ತ್ರಿ, ನಿನ್ನ ಮಗಾ ನಪಾಸ್ ಆದ ದಿನ ಇಲ್ಲೇ ಕುಂತಿದ್ದ, ಗೊತ್ತೈತೇನ್? ಮನಿಗೆ ಬರಾಕ ಹೆದರಿದ್ದ. ಆ ಹುಡುಗ್ರು ಅವನ್ನ ಒಬ್ಬನ್ನ ಬಿಡಲಿಲ್ಲ. ಒಬ್ಬಾಂವ ಎದ್ದು ಹ್ವಾದ್ರ ಇನ್ನೊಬ್ಬಾಂವ ಬಂದು ಕುಂದರ್ತಿದ್ದ. ಕಡೀಕ ನಗಿಸಿ, ಕೈ ಹಿಡದು ಮನೀತನಾ ಬಿಟ್ಟು ಬಂದ್ರು."

ನನಗೆ ಗೊತ್ತಿರಲಿಲ್ಲ. ಆ ದಿನ ಅವನು ಮನೆಗೆ ತಡವಾಗಿ ಬಂದನೆಂದು ಬೈದದ್ದು ಮಾತ್ರ ನೆನಪಿತ್ತು.

ಮೇಡಂ ಹೋದ ಮೇಲೆ ಪದ್ಧತಿಯಂತೆ ಎರಡನೆಯ ಸಭೆ ಸೇರಿತು. ಕೂರಲು ಜಾಗವಿಲ್ಲದ್ದರಿಂದ ನಿಂತೇ ನಡೆಸಬೇಕಾಯಿತು. ನಮ್ಮ ಓಣಿಯ ಇತಿಹಾಸದಲ್ಲಿ ಇಷ್ಟು ಬೇಗ ಮುಗಿದ ಸಭೆ ಇನ್ನೊಂದಿಲ್ಲ. "ತಗೀರಿ" ಎಂದರು ಮಾಸ್ತರರು. ಚಾಚಾ ಈ ಸಲ ಕೈ ಎತ್ತಲಿಲ್ಲ, ಎರಡೂ ಕೈ ಮೊಣಕಾಲ ಮೇಲಿದ್ದವು.

ನಾನು ಶೆಡ್ಡಿನ ಹಿಂದೆ ಹೋದೆ. ಮಗ ಟೆಂಪೋದಲ್ಲಿದ್ದ, ಗಾಜು ಏರಿಸಿಯೇ ಇತ್ತು. ಆ ಕಡೆಯ ಬಾಗಿಲು ತೆಗೆದು ಅವನ ಬದಿಗೆ ಕೂತೆ. ಸೀಟಿನ ಸ್ಪ್ರಿಂಗ್ ಚುಚ್ಚಿತು. ಇಬ್ಬರೂ ಗೋಡೆ ನೋಡಿದೆವು. ಏನೇನೋ ಹೇಳಬೇಕೆಂದಿತ್ತು, ಆದರೆ ಹೇಳಿದ್ದು ಇಷ್ಟೇ: "ಭರ್ಚಿ ಕೊಯ್ಯೂದೈತಿ. ಒಬ್ಬಾಂವಗ ಆಗೂದಿಲ್ಲ. ಬರ್ತೀಯೇನು?"

ಅವನು ಸ್ಟೇರಿಂಗಿನಿಂದ ಕೈ ತೆಗೆದ. "ನೀನ ಹಾಕಿದ್ದಲ್ಲಾ?"

"ನಾನ ಹಾಕಿದ್ದು. ಅದಕ್ಕ ಒಬ್ಬಾಂವಗ ಆಗೂದಿಲ್ಲ."

ಅವನು ಹಿಡಿಕೆ ತಿರುಗಿಸಿ, ಗಾಜು ಪೂರ್ತಿ ಕೆಳಗಿಳಿಸಿ, ಆಮೇಲೆ ಬಾಗಿಲು ತೆಗೆದು ಇಳಿದ.

ಗ್ರೈಂಡರ್ ಹೊರಗೆ ತಂದೆವು. ಒಂದು ಕಟಿಂಗ್ ವೀಲ್ ಸವೆಯಿತು, ಇನ್ನೊಂದು ಒಡೆಯಿತು. ಆ್ಯಂಗಲ್ ಅಲುಗಾಡಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ, ಹೊರಗೆ ಬೆವರು. ಸಪ್ಪಳಕ್ಕೆ ಹುಡುಗರು ಒಬ್ಬೊಬ್ಬರೇ ಬಂದರು. ಮಾಳಿಗೆಯ ಮೇಲಿನವನು ಬಂದ. ಮೊಬೈಲಿನವನು ಮೊಬೈಲ್ ಕಿಸೆಗೆ ಹಾಕಿಕೊಂಡು ಬಂದ.

"ಕಾಕಾ, ಇದಕ್ಕ ಎಷ್ಟು ವರ್ಷದ ಗ್ಯಾರಂಟಿ ಐತ್ರಿ?"

"ನಿನ್ನ ಮೊಮ್ಮಕ್ಕಳ ತನಾ" ಎಂದೆ.

"ಹಾಕೂಮುಂದ ಸ್ವಲ್ಪ ಕೆಟ್ಟಂಗ ಹಾಕಿದ್ರ ಏನಾಗ್ತಿತ್ರಿ?"

"ಅದು ನನಗ ಬರೂದಿಲ್ಲಲೇ."

ಮಗ ಸರಳು ಹಿಡಿಯುವುದು, ನಾನು ಕೊಯ್ಯುವುದು. ಅವನು ಮಾತಾಡುತ್ತಿರಲಿಲ್ಲ, ಆದರೆ ಎಲ್ಲಿ ಹಿಡಿಯಬೇಕೋ ಅಲ್ಲಿಯೇ ಹಿಡಿಯುತ್ತಿದ್ದ. ಚಹಾದಂಗಡಿ ಕಡೆಯ ಕಟ್ಟೆ ಮುಗಿಯಿತು. ಚಾಚಾ ಪೇಪರ್ ಹಾಸಿ ಅಲ್ಲಿಯೇ ಕೂತುಬಿಟ್ಟರು, ಬಿಸಿ ಆರುವುದಕ್ಕೂ ಕಾಯಲಿಲ್ಲ. ಕೂತ ವೇಗದಲ್ಲೇ ಎದ್ದರು. ಹುಡುಗರು ಕೂಗು ಹಾಕಿದರು. ಮಗನ ತುಟಿ ಸ್ವಲ್ಪ ಅಲುಗಾಡಿತು, ಅಷ್ಟೇ.

ನನ್ನ ಕಡೆಯ ಕಟ್ಟೆಯಲ್ಲಿ ಎರಡೇ ಎರಡು ಭರ್ಚಿ ಉಳಿದಿದ್ದವು. ಕಟ್ಟೆಗೆ ಕಾಲು ಆಚೆ ಈಚೆ ಹಾಕಿ ಕೂತು, ಒಂದಕ್ಕೆ ಬೆನ್ನು ಮಾಡಿ ಇನ್ನೊಂದನ್ನು ಕೊಯ್ದು ಮುಗಿಸಿದೆ. ಹಿಂದಿನದನ್ನು ಮರೆತು, ಕೆಲಸ ಆಯಿತೆಂದು ಠೀವಿಯಿಂದ ಎದ್ದು ನಿಲ್ಲಹೋದೆ. ಏಳಲಾಗಲಿಲ್ಲ. ಪ್ಯಾಂಟಿನ ಹಿಂಭಾಗದೊಳಗೆ ಹೊಕ್ಕ ಮೊನೆ ಬೆಲ್ಟಿನ ಹತ್ತಿರ ಹೊರಗೆ ಬಂದು ಬಟ್ಟೆಗೆ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ಜಗ್ಗಿದೆ. ಬಟ್ಟೆ ಹರಿದ ಸದ್ದು ಓಣಿಗೆಲ್ಲ ಕೇಳಿಸಿತು. ಭರ್ಚಿ ಮಾತ್ರ ಕೂದಲೆಳೆಯಷ್ಟೂ ಬಾಗಲಿಲ್ಲ.

ಆಗ ನನ್ನ ಬೆನ್ನ ಹಿಂದೆ ಒಂದು ಕೆಮ್ಮು ಕೇಳಿಸಿತು. ಆಮೇಲೆ ಇನ್ನೊಂದು. ನಾನು ಉಸಿರು ಹಿಡಿದೆ. ಇನ್ನೇನು ಆಗಲಿಕ್ಕಿಲ್ಲ ಎನ್ನುವಾಗ ಒಮ್ಮೆಲೇ ಟೆಂಪೋ ಹಿಡಿದುಕೊಂಡಿತು. ಮಗ ಹೊಟ್ಟೆ ಹಿಡಿದುಕೊಂಡು, ಕೊಯ್ದು ಮುಗಿಸಿದ ಕಟ್ಟೆಯ ಮೇಲೆ ಕುಸಿದು ಕೂತು, ಗೆಳೆಯರ ಹೆಗಲಿಗೆ ಬಿದ್ದು ಬಿದ್ದು ನಗುತ್ತಿದ್ದ. ಮನೆಯ ಬಾಗಿಲಲ್ಲಿ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು.

"ಮಿಸ್ತ್ರಿ, ಕತ್ರಿ ಕೊಡ್ಲೇನು?" ಎಂದು ಅಕ್ಕಾರು ಕೂಗಿದರು.

"ಬ್ಯಾಡ್ರಿ ಅಕ್ಕಾರ" ಎಂದೆ, "ಗಡಿಬಿಡಿ ಏನೈತಿ, ಸಾವಕಾಶ ಬಿಡಿಸ್ಕೋತೇನಿ."